ಕ್ಯಾನ್ಸರ್ ಅಂತ ಗೊತ್ತಾಗಿದೆ, ಮತ್ತೆ ಸಿ.ಟಿ. ಸ್ಕ್ಯಾನ್ ಯಾಕೆ?

ಪ್ರಶ್ನೆ: ನಮ್ಮ ಆಯಿಗೆ ಎಂಡೋಸ್ಕೋಪಿ ಆಯಿತು. ಬಯಾಪ್ಸಿಯಲ್ಲಿ ಜಠರದ ಕ್ಯಾನ್ಸರ್ ಅಂತ ಬಂದಿದೆ. ಕುಮಟಾದಿಂದ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋದರೆ, ಆಪರೇಷನ್‌ಗೆ ದಿನ ಕೊಡುವ ಬದಲು ಸಿ.ಟಿ. ಮಾಡಿಸಿ ಅಂದರು. ರೋಗ ಗೊತ್ತಾದ ಮೇಲೂ ಸ್ಕ್ಯಾನ್ ಯಾಕೆ? ಸುಮ್ನೆ ದಿನ ಹೋಗ್ತಾ ಇದೆ ಅಲ್ವಾ?

ಉತ್ತರ: ನಮ್ಮ ಜಿಲ್ಲೆಯವರಿಗೆ ದೊಡ್ಡ ಚಿಕಿತ್ಸೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಪ್ರತಿ ಓಡಾಟಕ್ಕೂ ಗಾಡಿ ಬಾಡಿಗೆ, ಮನೆಯವರ ಒಂದು ದಿನದ ದುಡಿಮೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಈ ಸ್ಕ್ಯಾನ್ ಮಾತ್ರ ಬಿಡಬೇಡಿ. ಆಪರೇಷನ್ ಮೊದಲೋ, ಕಿಮೋ ಮೊದಲೋ, ಆಪರೇಷನ್ ಬೇಕೋ ಬೇಡವೋ ಎಂಬುದು ಬಹುಪಾಲು ಇದರ ಮೇಲೇ ನಿಂತಿದೆ.

ಎಂಡೋಸ್ಕೋಪಿ ಜಠರದ ಒಳಮೈಯನ್ನು ನೋಡುತ್ತದೆ. ಬಯಾಪ್ಸಿ ಅಲ್ಲಿಂದ ತೆಗೆದ ಚೂರು ಏನೆಂದು ಹೇಳುತ್ತದೆ. ಆದರೆ ರೋಗ ಜಠರದ ಗೋಡೆಯ ಎಷ್ಟು ಪದರ ದಾಟಿದೆ, ಪಕ್ಕದ ಮೇದೋಜೀರಕ ಗ್ರಂಥಿಗೋ ದೊಡ್ಡ ಕರುಳಿಗೋ ಅಂಟಿದೆಯೇ, ಸುತ್ತಲಿನ ಲಿಂಫ್ ಗಂಟುಗಳು ಊದಿವೆಯೇ, ಲಿವರ್, ಶ್ವಾಸಕೋಶ, ಹೆಂಗಸರಲ್ಲಾದರೆ ಅಂಡಾಶಯಕ್ಕೆ ಹೋಗಿದೆಯೇ? ಇದನ್ನೆಲ್ಲ ನೋಡಲು ಸಿ.ಟಿ. ಬೇಕು. ಹಾಗಾಗಿಯೇ ಎದೆಯಿಂದ ಕಿಬ್ಬೊಟ್ಟೆಯವರೆಗೂ ಸ್ಕ್ಯಾನ್ ಮಾಡುತ್ತಾರೆ.

ಗಡ್ಡೆ ಗೋಡೆಯ ಸ್ನಾಯು ಪದರಕ್ಕೆ ಇಳಿದಿದ್ದರೆ ಅಥವಾ ಗಂಟುಗಳಿಗೆ ಹೋಗಿದ್ದರೆ, ದೇಹ ತಡೆದುಕೊಳ್ಳುವಂತಿದ್ದರೆ ಈಗ ಸಾಮಾನ್ಯವಾಗಿ ಕಿಮೋ ಮೊದಲು. ಫ್ಲಾಟ್ ಎಂಬ ಪದ್ಧತಿಯಲ್ಲಿ ಎರಡು ವಾರಕ್ಕೊಂದರಂತೆ 4 ಸುತ್ತು ಆಪರೇಷನ್‌ಗೆ ಮೊದಲು, 4 ಸುತ್ತು ಆಮೇಲೆ. ನಡುವೆ ಇನ್ನೊಂದು ಸಿ.ಟಿ. ಆಗುತ್ತದೆ. ರೋಗ ದೂರಕ್ಕೆ ಹರಡಿದ್ದರೆ ಜಠರ ತೆಗೆದರೂ ಆಯುಷ್ಯ ಹೆಚ್ಚುವುದು ಕಷ್ಟ. ಜಪಾನ್, ದಕ್ಷಿಣ ಕೊರಿಯಾ, ಸಿಂಗಾಪುರದಲ್ಲಿ ನಡೆದು 2016ರಲ್ಲಿ ಪ್ರಕಟವಾದ ರೆಗಟ್ಟಾ ಅಧ್ಯಯನದಲ್ಲಿ, ಅಂಥವರಿಗೆ ಜಠರ ತೆಗೆದು ಕಿಮೋ ಕೊಟ್ಟದ್ದು ಬರೀ ಕಿಮೋಗಿಂತ ಮೇಲಾಗಲಿಲ್ಲ. ವಯಸ್ಸಾದ ಜೀವಕ್ಕೆ ಪ್ರಯೋಜನವಿಲ್ಲದ ದೊಡ್ಡ ಆಪರೇಷನ್ ತಪ್ಪಿಸುವುದೂ ಚಿಕಿತ್ಸೆಯೇ.

ಸರ್ಜನ್‌ಗೆ ಇನ್ನೂ ಒಂದು ಉಪಯೋಗವಿದೆ. ಕೆಲವರಲ್ಲಿ ಲಿವರ್‌ನ ಎಡಭಾಗಕ್ಕೆ ಹೋಗುವ ರಕ್ತನಾಳ ಜಠರದ ರಕ್ತನಾಳದಿಂದಲೇ ಕವಲೊಡೆದಿರುತ್ತದೆ. ಜಠರ ತೆಗೆಯುವಾಗ ಅದನ್ನು ತಿಳಿಯದೆ ಕತ್ತರಿಸಿದರೆ ಲಿವರ್‌ಗೆ ಪೆಟ್ಟು. ಸಿ.ಟಿ.ಯಲ್ಲಿ ಇದು ಮೊದಲೇ ಕಾಣುತ್ತದೆ.

ಸ್ಕ್ಯಾನ್‌ಗೆ ಮೊದಲು ಕೆಲವು ಗಂಟೆ ಏನೂ ತಿನ್ನಬಾರದು ಅನ್ನುತ್ತಾರೆ. ಆಮೇಲೆ ಅವರೇ ಅರ್ಧದಿಂದ ಒಂದು ಲೀಟರ್ ನೀರು ಕುಡಿಸುವುದುಂಟು. ಖಾಲಿ ಜಠರ ಮಡಚಿಟ್ಟ ಚೀಲದಂತೆ. ಮಡಿಕೆಯೇ ದಪ್ಪಗೆ ಕಂಡು ಗಡ್ಡೆಯೆಂಬ ಅನುಮಾನ ಬರಬಹುದು, ನಿಜವಾದ ಗಡ್ಡೆ ಮಡಿಕೆಯಲ್ಲಿ ಮರೆಯಾಗಲೂಬಹುದು. ಆಯಿಗೆ ಅಷ್ಟು ನೀರು ಹೋಗದಿದ್ದರೆ, ವಾಂತಿಯಾಗುತ್ತಿದ್ದರೆ ಅಲ್ಲಿನವರಿಗೆ ಹೇಳಿ. ಒತ್ತಾಯ ಮಾಡಬೇಡಿ.

ಇನ್ನು ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೈಯ ನರಕ್ಕೆ ಕೊಡುವ ಡೈ. ಕೊಡುವಾಗ ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ, ತುಸು ಹೊತ್ತಿಗೆ ಹೋಗುತ್ತದೆ. ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ನಮ್ಮ ಕರಾವಳಿಯಲ್ಲಿ ಜಾಸ್ತಿ ಕೇಳುವ ಅನುಮಾನ ಬೇರೆ: 'ಸಿಗಡಿ ತಿಂದರೆ ಮೈ ತುರಿಸುತ್ತದೆ, ಡೈಯಲ್ಲಿ ಅಯೋಡಿನ್ ಇದೆಯಂತೆ, ಪರವಾಗಿಲ್ಲವೇ?' ಸಿಗಡಿ, ಏಡಿ ಆಗದಿರುವುದು ಅವುಗಳಲ್ಲಿರುವ ಪ್ರೋಟೀನ್‌ನಿಂದ, ಅಯೋಡಿನ್‌ನಿಂದಲ್ಲ. ವೈದ್ಯರಿಗೆ ಹೇಳಿ, ಆದರೆ ಅದೊಂದೇ ಕಾರಣಕ್ಕೆ ಡೈ ಬೇಡವೆನ್ನಬೇಡಿ. ಡೈ ಇಲ್ಲದ ಸ್ಕ್ಯಾನ್‌ನಲ್ಲಿ ಗೋಡೆಯ ಪದರಗಳಾಗಲಿ, ಲಿವರ್‌ನ ಸಣ್ಣ ಗಡ್ಡೆಯಾಗಲಿ ಸರಿಯಾಗಿ ಕಾಣುವುದಿಲ್ಲ. ಹಿಂದೆ ಡೈ ಕೊಟ್ಟಾಗಲೇ ಮೈಮೇಲೆ ದದ್ದು ಎದ್ದಿದ್ದರೆ ಅಥವಾ ಉಸಿರು ಕಟ್ಟಿದ್ದರೆ ಅದು ಬೇರೆ ಮಾತು. ಅದನ್ನು ತಪ್ಪದೆ ಹೇಳಲೇಬೇಕು.

ಸಿ.ಟಿ.ಗೂ ಮಿತಿಯಿದೆ. ಜಠರದ ಒಳಮೈಯ ಪದರದಲ್ಲಷ್ಟೇ ಇರುವ ಪುಟ್ಟ ಗಡ್ಡೆ ಕಾಣದೇ ಹೋಗಬಹುದು. ಅಲ್ಲಿ ಎಂಡೋಸ್ಕೋಪಿಯ ತುದಿಯಲ್ಲೇ ಸ್ಕ್ಯಾನ್ ಮಾಡುವ ಉಪಕರಣ ನೆರವಾಗುತ್ತದೆ. ಗಂಟುಗಳನ್ನು ಮುಖ್ಯವಾಗಿ ಗಾತ್ರ ನೋಡಿ ಅಳೆಯುತ್ತಾರೆ. ಸಣ್ಣ ಗಂಟಿನಲ್ಲೂ ಕ್ಯಾನ್ಸರ್ ಇರಬಹುದು, ದೊಡ್ಡದು ಬರೀ ಸೋಂಕಿನಿಂದ ಊದಿರಬಹುದು. ಎಲ್ಲಕ್ಕಿಂತ ತೊಡಕಿನದು ಹೊಟ್ಟೆಯ ಒಳಪೊರೆಯ (ಜಠರದ ಒಳಮೈಯಲ್ಲ, ಜಠರ, ಕರುಳುಗಳನ್ನು ಹೊರಗಿನಿಂದ ಸುತ್ತಿರುವ ಪೊರೆ) ಮೇಲೆ ಕೂತ ಸಾಸಿವೆ ಗಾತ್ರದ ಕ್ಯಾನ್ಸರ್ ಕಣಗಳು. ಅವು ಎಷ್ಟೋ ಸಲ ಸಿ.ಟಿ.ಗೆ ಸಿಗುವುದಿಲ್ಲ.

ಹಾಗಾಗಿ ಸಿ.ಟಿ. ವರದಿ ಚೆನ್ನಾಗಿ ಬಂದ ಮೇಲೂ 'ಲ್ಯಾಪರೋಸ್ಕೋಪಿ ಮಾಡಿ ನೋಡೋಣ' ಅಂದರೆ ಗಾಬರಿ ಬೇಡ. ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ಒಳಪೊರೆಯನ್ನು ನೇರವಾಗಿ ನೋಡುತ್ತಾರೆ. ಹೊಟ್ಟೆಯೊಳಗೆ ದ್ರವ ಹಾಕಿ ತೊಳೆದು, ಅದರಲ್ಲಿ ಕ್ಯಾನ್ಸರ್ ಕೋಶಗಳಿವೆಯೇ ಎಂದೂ ಪರೀಕ್ಷಿಸುತ್ತಾರೆ.

ಊರ ಹತ್ತಿರವೇ ಸಿ.ಟಿ. ಮಾಡಿಸುವುದಾದರೆ ಆಪರೇಷನ್ ಮಾಡುವ ವೈದ್ಯರ ಚೀಟಿ ಜೊತೆಗಿರಲಿ. ಜಠರದ ಕ್ಯಾನ್ಸರ್‌ಗೆ ಎಂದು ಅದರಲ್ಲಿ ಬರೆದಿದ್ದರೆ ನೀರು, ಡೈ ಎಲ್ಲ ಅದಕ್ಕೆ ತಕ್ಕಂತೆ ಮಾಡುತ್ತಾರೆ. ಫಿಲ್ಮ್ ಮತ್ತು ವರದಿ ಮಾತ್ರ ಸಾಲದು, ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಸರ್ಜನ್ ಚಿತ್ರಗಳನ್ನು ಒಂದೊಂದಾಗಿ ತಾವೇ ನೋಡಬೇಕಾಗುತ್ತದೆ. ಸಿ.ಡಿ. ಇಲ್ಲದಿದ್ದರೆ ಅದೇ ಸ್ಕ್ಯಾನ್ ಮತ್ತೊಮ್ಮೆ ಮಾಡಿಸಬೇಕಾಗಬಹುದು.