ಟೆನೋಟಾಕ್ಸಿಸಿಟಿ: ಮರಗಟ್ಟಿಸುವ ಇಂಜೆಕ್ಷನ್ ಟೆಂಡನ್ ಕೋಶಕ್ಕೆ ಏನು ಮಾಡುತ್ತದೆ?

ಹೆಬ್ಬೆರಳನ್ನು ಚೆನ್ನಾಗಿ ಹಿಂದಕ್ಕೆ ಚಾಚಿ ನೋಡಿ. ಮಣಿಕಟ್ಟಿನ ಹತ್ತಿರ ಎರಡು ಹುರಿ ಎದ್ದು ನಿಲ್ಲುತ್ತವೆ, ನಡುವೆ ಪುಟ್ಟ ಗುಳಿ ಬೀಳುತ್ತದೆ. ಆ ಹುರಿಯನ್ನು ನಮ್ಮ ಮನೆಗಳಲ್ಲಿ ‘ನರ’ ಅಂತಲೇ ಕರೆಯುವುದು. ಮಗುವನ್ನು ಎತ್ತಿ ಎತ್ತಿ ಕೈ ಸೋತ ಬಾಣಂತಿ ‘ಹೆಬ್ಬೆರಳಿನ ನರ ಎಳೀತಿದೆ’ ಅನ್ನುವುದೂ ಇದನ್ನೇ. ಡಾಕ್ಟರ ಬಾಯಲ್ಲಿ ಅದು ಟೆಂಡನ್, ಕನ್ನಡ ಪುಸ್ತಕಗಳಲ್ಲಿ ಸ್ನಾಯುರಜ್ಜು. ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗ ಅದು.

ನರ ಅಂದರೆ ತಪ್ಪೇನೂ ಇಲ್ಲ ಬಿಡಿ. ಗ್ರೀಕರ ‘ನ್ಯೂರಾನ್’ ಪದಕ್ಕೂ ಮೊದಲು ಇದ್ದ ಅರ್ಥ ಇದೇ ಹುರಿ. ಬಿಲ್ಲಿನ ಹೆದೆಗೂ ಅದೇ ಹೆಸರು. ನೋವಿನ ಸುದ್ದಿ ಸಾಗಿಸುವ ನರ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು.

ಇವತ್ತಿನ ನಮ್ಮ ಪದದಲ್ಲೂ ಆ ಬಿಲ್ಲು ಅಡಗಿದೆ. ‘ಟೆನೊನ್’ ಅಂದರೆ ಟೆಂಡನ್. ‘ಟಾಕ್ಸಾನ್’ ಅಂದರೆ ಬಿಲ್ಲು, ‘ಟಾಕ್ಸಿಕಾನ್’ ಬಾಣಕ್ಕೆ ಸವರುವ ವಿಷ. ಎರಡನ್ನೂ ಸೇರಿಸಿದರೆ ಟೆನೋಟಾಕ್ಸಿಸಿಟಿ. ಯಾವುದಾದರೂ ಔಷಧ ಟೆಂಡನ್‌ನ ಜೀವಕೋಶಗಳಿಗೆ ಮಾಡುವ ಹಾನಿಗೆ ಈ ಹೆಸರು. ಇಂಥ ಹಾನಿಯ ಮಾತು ಬಂದಾಗ ಹೆಚ್ಚಾಗಿ ಕೇಳುವ ಹೆಸರುಗಳಲ್ಲಿ ನಮಗೆಲ್ಲ ಗೊತ್ತಿರುವ ಮರಗಟ್ಟಿಸುವ ಇಂಜೆಕ್ಷನ್ ಕೂಡ ಒಂದು.

ಟೆಂಡನ್‌ನಲ್ಲಿ ಬಹುಪಾಲು ಕೊಲಾಜೆನ್ ಎಂಬ ನಾರು. ಜೀವಕೋಶಗಳು ತೀರಾ ಕಡಿಮೆ. ಇರುವ ಆ ಸ್ವಲ್ಪ ಕೋಶಗಳೇ ಟೆನೋಸೈಟ್‌ಗಳು. ಉದ್ದಕ್ಕೆ, ತೆಳ್ಳಗೆ, ನಾರಿನ ಎಳೆಗಳ ಸಂದಿಯಲ್ಲಿ ಸಾಲಾಗಿ ಕೂತಿರುತ್ತವೆ. ಹಗ್ಗ ಹೊಸೆಯುವವನು ಹಗ್ಗದೊಳಗೇ ಮನೆ ಮಾಡಿಕೊಂಡ ಹಾಗೆ. ಹೊಸ ನಾರು ಮಾಡುವುದು, ಸವೆದದ್ದನ್ನು ಸರಿಪಡಿಸುವುದು ಇವುಗಳ ಕೆಲಸ. ಆದರೆ ಟೆಂಡನ್‌ಗೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ರಿಪೇರಿಯೂ ನಿಧಾನ. ಎಷ್ಟು ನಿಧಾನ ಅಂತ ಡೆನ್ಮಾರ್ಕ್‌ನ ಸಂಶೋಧಕರು 2013ರಲ್ಲಿ ತೋರಿಸಿದರು. ಹಿಂದೆ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ನಮ್ಮ ದೇಹಕ್ಕೂ ಇಳಿದಿದೆ. ಅದನ್ನು ಅಳೆದು ಹಿಮ್ಮಡಿಯ ಟೆಂಡನ್‌ನ ವಯಸ್ಸು ಹಿಡಿದರು. ಅದರ ತಿರುಳು ಸುಮಾರು 17 ವಯಸ್ಸಿನವರೆಗೆ ಕಟ್ಟಿಕೊಂಡದ್ದು, ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ! ಇಂಥ ಜಾಗದಲ್ಲಿ ಇರುವ ನಾಲ್ಕು ಕೆಲಸಗಾರರೂ ಸತ್ತರೆ ಚಿಂತೆ ಆಗಲೇಬೇಕು, ಅಲ್ವಾ?

ಈಗ ಮರಗಟ್ಟಿಸುವ ಔಷಧದ ಕಡೆ ಬರೋಣ. ನಮ್ಮಲ್ಲಿ ಲಿಗ್ನೋಕೇನ್, ಬೇರೆ ಕೆಲವು ಕಡೆ ಲಿಡೋಕೇನ್. ಎರಡೂ ಒಂದೇ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಬಾಟಲಿಯ ಮೇಲೆ 2% ಅಂತಿದ್ದರೆ ಒಂದು ಎಂ.ಎಲ್.ನಲ್ಲಿ 20 ಮಿಲಿಗ್ರಾಂ ಔಷಧ ಇದೆ ಎಂದರ್ಥ. ನರಕೋಶದ ಗೋಡೆಯಲ್ಲಿ ಸೋಡಿಯಂ ಒಳಬರುವ ಸಣ್ಣ ಸಣ್ಣ ಬಾಗಿಲುಗಳಿವೆ. ಅವು ತೆರೆದರೆ ಮಾತ್ರ ನೋವಿನ ಸುದ್ದಿ ಮುಂದೆ ಹೋಗುತ್ತದೆ. ಲಿಗ್ನೋಕೇನ್ ಈ ಬಾಗಿಲಿಗೆ ಒಳಗಡೆಯಿಂದ ಅಗುಳಿ ಹಾಕುತ್ತದೆ. ಒಳಗಡೆಯಿಂದ ಎನ್ನುವುದೇ ಇಲ್ಲಿ ಮುಖ್ಯ. ಅಗುಳಿ ಹಾಕಬೇಕಾದರೆ ಕೋಶದ ಜಿಡ್ಡಿನ ಪೊರೆಯನ್ನು ದಾಟಲೇಬೇಕು. ನರದ ಪೊರೆ ದಾಟಬಲ್ಲ ಔಷಧ ಪಕ್ಕದ ಟೆನೋಸೈಟ್‌ನ ಪೊರೆಯನ್ನೂ ದಾಟುತ್ತದೆ. ಒಳಗೆ ಹೋಗಿ ಮೈಟೋಕಾಂಡ್ರಿಯಾಗಳನ್ನು, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಒಲೆಗಳನ್ನು ಕೆಡಿಸುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಭುಜದ ಆಪರೇಷನ್‌ನಲ್ಲಿ ತೆಗೆದ ಟೆಂಡನ್ ಚೂರಿನಿಂದ ಕೋಶಗಳನ್ನು ಬೆಳೆಸುತ್ತಾರೆ. ಅವು ತಟ್ಟೆಯ ತಳಕ್ಕೆ ಅಂಟಿಕೊಂಡು ಉದ್ದುದ್ದ ಚಾಚಿ ಮಲಗಿರುತ್ತವೆ. ಔಷಧ ಬಿದ್ದ ಮೇಲೆ ಸುರುಟಿಕೊಳ್ಳುತ್ತವೆ, ಗುಂಡಗಾಗುತ್ತವೆ, ಹಿಡಿತ ಬಿಟ್ಟು ತೇಲುತ್ತವೆ. ಪ್ರಮಾಣ ಹೆಚ್ಚಿದಷ್ಟೂ, ಹೊತ್ತು ಕಳೆದಷ್ಟೂ ಸಾಯುವ ಕೋಶಗಳು ಜಾಸ್ತಿ. ಬದುಕಿ ಉಳಿದವೂ ಮೊದಲಿನಷ್ಟು ಕೊಲಾಜೆನ್ ಮಾಡುವುದಿಲ್ಲ. ಬುಪಿವಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧದ್ದೂ ಇದೇ ಕಥೆ. ಹೋಲಿಸಿ ನೋಡಿದ ಕಡೆಗಳಲ್ಲಿ ಅದೇ ಗುಂಪಿನ ರೋಪಿವಕೇನ್ ಸಾಮಾನ್ಯವಾಗಿ ಸ್ವಲ್ಪ ಮೆತ್ತಗೆ. ಜೊತೆಗೆ ಸ್ಟೀರಾಯ್ಡ್ ಬೆರೆಸಿದರೆ ಹಾನಿ ಇನ್ನೂ ಹೆಚ್ಚುತ್ತದೆ. ಮೊಣಕೈ, ಭುಜದ ನೋವಿಗೆ ಕೊಡುವ ಇಂಜೆಕ್ಷನ್‌ನಲ್ಲಿ ಇವೆರಡೂ ಒಟ್ಟಿಗೇ ಇರುವುದು ಸಾಮಾನ್ಯ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಂತ ತಟ್ಟೆಯಲ್ಲಿ ಆದದ್ದೆಲ್ಲ ಮೈಯಲ್ಲೂ ಹಾಗೇ ಆಗುವುದಿಲ್ಲ. ತಟ್ಟೆಯ ಕೋಶ ಔಷಧದಲ್ಲೇ ಮುಳುಗಿರುತ್ತದೆ. ಮೈಯಲ್ಲಿ ಔಷಧ ಹರಡಿ ತೆಳುವಾಗುತ್ತದೆ, ರಕ್ತ ಅದನ್ನು ಕೊಂಡೊಯ್ಯುತ್ತದೆ. ಇಲಿಗಳ ಹಿಮ್ಮಡಿಗೆ ಬುಪಿವಕೇನ್ ಚುಚ್ಚಿ ನೋಡಿದಾಗ ಮೊದಲ ದಿನಗಳಲ್ಲಿ ಟೆಂಡನ್‌ನ ಬಲ ಕುಗ್ಗಿತ್ತು, ಕೆಲವು ವಾರಗಳಲ್ಲಿ ಚೇತರಿಸಿಕೊಂಡಿತು. ಇನ್ನು ಹಲ್ಲು ಕೀಳುವಾಗಲೋ ಹೊಲಿಗೆ ಹಾಕುವಾಗಲೋ ಕೊಡುವ ಇಂಜೆಕ್ಷನ್‌ಗೆ ಈ ಭಯ ಸುಮ್ನೆ ಬೇಡ.

ಹೊತ್ತು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಕೀಲಿನ ಮೆದು ಎಲುಬಿನಲ್ಲಿ ಒಂದು ಕಹಿ ಉದಾಹರಣೆ ಇದೆ. ಭುಜದ ಆಪರೇಷನ್ ಆದ ಮೇಲೆ ಕೀಲಿನೊಳಗೇ ನಳಿಕೆ ಇಟ್ಟು, ಪಂಪಿನಿಂದ 48ರಿಂದ 72 ಗಂಟೆ ಮರಗಟ್ಟಿಸುವ ಔಷಧ ಬಿಡುತ್ತಿದ್ದರು. ಹೀಗೆ ಮೆದು ಎಲುಬೇ ಕರಗಿಹೋದ 35 ಪ್ರಕರಣಗಳನ್ನು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರ ನವೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ರೋಗಿಗಳಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು ಎಂಬುದು ಮನಸ್ಸಿಗೆ ತುಂಬಾ ನೋವು ಕೊಡುವ ವಿಷಯ.

ಈಗ ಸೂಜಿಯನ್ನು ಟೆಂಡನ್ ಒಳಗೆ ಹಾಕದೆ, ಅದರ ಸುತ್ತಲಿನ ಚೀಲದಂಥ ಪೊರೆಯಲ್ಲಿ ಔಷಧ ಬಿಡುವುದನ್ನು ಡಾಕ್ಟರು ಇಷ್ಟಪಡುತ್ತಾರೆ. ಸೂಜಿಯ ತುದಿ ಎಲ್ಲಿದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಳ್ಳುವುದೂ ಉಂಟು. ಇಂಜೆಕ್ಷನ್ ಆದ ಕೂಡಲೇ ನೋವು ಹೋಯಿತು ಅಂತ ಭಾರ ಎತ್ತಬೇಡಿ, ಓಡಬೇಡಿ. ಎಚ್ಚರಿಸುವ ನೋವನ್ನೇ ಆ ಹೊತ್ತಿಗೆ ಮಲಗಿಸಲಾಗಿರುತ್ತದೆ.

ನಮ್ಮದೇ ರಕ್ತದಿಂದ ತೆಗೆದ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ದ್ರವ, ಚುಚ್ಚುವಾಗಲಂತೂ ಅನೇಕ ಡಾಕ್ಟರು ಚರ್ಮವನ್ನಷ್ಟೇ ಮರಗಟ್ಟಿಸಿ, ಟೆಂಡನ್ ಹತ್ತಿರ ಲಿಗ್ನೋಕೇನ್ ಬಿಡುವುದಿಲ್ಲ. ರಿಪೇರಿ ಮಾಡಲಿ ಅಂತ ಎಬ್ಬಿಸಲು ಹೊರಟಿರುವುದು ಅದೇ ಟೆನೋಸೈಟ್‌ಗಳನ್ನು ತಾನೇ. ಅದಕ್ಕೇ ಆ ಇಂಜೆಕ್ಷನ್ ಸ್ವಲ್ಪ ಜಾಸ್ತಿ ನೋಯುತ್ತದೆ.