ಹನ್ನೆರಡು ದಿನದಲ್ಲಿ ಎದ್ದ ಏರಿ: ಕುರೋಡ ಕಾನ್‌ಬೇ ನೆಲ ಓದಿದ ಬಗೆ

ಕೆರೆ ಏರಿ ರಿಪೇರಿ, ಹೊಸ ಬಂಡ್ ಕೆಲಸ, ಕಾಲುವೆ ಒಡೆದಾಗ ರಾತ್ರೋರಾತ್ರಿ ಹೋಗಿ ಮುಚ್ಚಿಸೋದು, ಇದ್ರಲ್ಲೇ ನನ್ನ ಸರ್ವೀಸ್‌ನ ಇಪ್ಪತ್ತು ವರ್ಷದ ಮೇಲೆ ಕಳೆದಿದೆ, ಹಂಗಾಗಿ ಯಾರಾದ್ರೂ ಹನ್ನೆರಡು ದಿನದಲ್ಲಿ ಮೂರು ಕಿಲೋಮೀಟರ್ ಏರಿ ಕಟ್ಟಿದ್ರು ಅಂತ ಹೇಳಿದ್ರೆ ಮೊದಲು ಮನಸ್ಸಲ್ಲಿ ಬರೋದು ಮಣ್ಣಿನ ಲೆಕ್ಕ. ಎಷ್ಟು ಕ್ಯೂಬಿಕ್ ಮೀಟರ್, ಮಣ್ಣು ಎಲ್ಲಿಂದ, ಆಳು ಎಷ್ಟು, ನೀರು ಯಾವಾಗ ಬಿಟ್ರು. ಸಮುರಾಯ್‌ಗಳ ಕಾಲದ ಜಪಾನಿನ ಕುರೋಡ ಕಾನ್‌ಬೇ ಅನ್ನೋ ಯುದ್ಧತಂತ್ರಗಾರನ ಪರಿಚಯ ನನಗೆ ಆಗಿದ್ದು ಹೀಗೇ, ಕತ್ತಿ ಕುದುರೆ ಕಥೆಯಿಂದ ಅಲ್ಲ, ಒಂದು ಏರಿಯ ಅಳತೆಯಿಂದ.

1582ನೇ ಇಸವಿ. ಜಪಾನಿನ ಅರ್ಧಕ್ಕೇ ಒಡೆಯ ಅನ್ನೋ ಹಂಗೆ ಬೆಳೆದಿದ್ದ ಓಡ ನೊಬುನಾಗನ ಪರವಾಗಿ ಅವನ ಸೇನಾಪತಿ ಹಿದೆಯೋಶಿ ಪಶ್ಚಿಮದಲ್ಲಿ ಮೋರಿ ಮನೆತನದ ಮೇಲೆ ಯುದ್ಧ ಮಾಡ್ತಿದ್ದ. ಈಗಿನ ಒಕಾಯಾಮ ನಗರದ ಅಂಚಲ್ಲಿ ಬಿಚ್ಚೂ ತಕಮಾತ್ಸು ಅಂತ ಒಂದು ಕೋಟೆ, ಅದರ ಒಡೆಯ ಶಿಮಿಝು ಮುನೆಹಾರು, ಒಳಗೆ ಸುಮಾರು 5,000 ಜನ. ಹೊರಗಡೆ ಹಿದೆಯೋಶಿ ಹತ್ರ 30,000. ಆದ್ರೂ ಕೋಟೆ ಬೀಳ್ಲಿಲ್ಲ, ಯಾಕಂದ್ರೆ ಅದು ಬೆಟ್ಟದ ಮೇಲಿನ ಕೋಟೆ ಅಲ್ಲ, ಸುತ್ತ ಪೂರ್ತಿ ಜೌಗು ನೆಲ. ಕೆರೆ ಅಂಗಳದಲ್ಲಿ ನಡೆದವರಿಗೆ ಗೊತ್ತಿರುತ್ತೆ, ಮೊಣಕಾಲು ತನಕ ಕೆಸರಲ್ಲಿ ಹೂತುಕೊಂಡ ಮೇಲೆ ಮನುಷ್ಯ ಒಂದು ಹೆಜ್ಜೆ ಕಿತ್ತಿಡೋಕೆ ಎಷ್ಟು ಹೊತ್ತು ಬೇಕು ಅಂತ. ಕುದುರೆ ಹೋಗಲ್ಲ, ಬಂದೂಕು ಹೊತ್ತವನು ನಿಂತಲ್ಲೇ ಗುರಿ ಆಗ್ತಾನೆ. ನುಗ್ಗಿದಾಗೆಲ್ಲ ಹಿದೆಯೋಶಿ ಕಡೆಯವರೇ ಜಾಸ್ತಿ ಸತ್ತರು.

ಆಗ ಬಂದಿದ್ದು ನೀರಿನ ಮುತ್ತಿಗೆಯ ಯೋಚನೆ. ಕೋಟೆ ಕಾಯ್ತಾ ಇರೋದು ತಗ್ಗು ನೆಲ ಮತ್ತು ನೀರು, ಹಾಗಿದ್ರೆ ಅದೇ ತಗ್ಗಿಗೆ ಇನ್ನಷ್ಟು ನೀರು ತುಂಬಿಸಿಬಿಟ್ಟರೆ ಕೋಟೆನೇ ನಡುಗಡ್ಡೆ ಆಗುತ್ತೆ, ಹೊರಗಿಂದ ಅಕ್ಕಿ ಹೋಗಲ್ಲ, ಮದ್ದುಗುಂಡು ಒಣಗಿರಲ್ಲ, ಮೋರಿ ಸೈನ್ಯ ಸಹಾಯಕ್ಕೆ ಅಂತ ಬಂದ್ರೂ ದಡದಲ್ಲಿ ನಿಂತು ನೋಡಬೇಕಷ್ಟೆ. ಈ ಸಲಹೆ ಹಿದೆಯೋಶಿ ಜೊತೆಗಿದ್ದ ಕಾನ್‌ಬೇದು ಅಂತ ಹೇಳ್ತಾರೆ. ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಕಾನ್‌ಬೇ ಬಗ್ಗೆ ನಮಗೆ ಸಿಗೋ ಎಷ್ಟೋ ಕಥೆಗಳು ಬರೋದು ಕುರೋಡ ಮನೆತನದ್ದೇ ಚರಿತ್ರೆಯಿಂದ, ಅದನ್ನ ಬರೆದವನು ಅವರ ಸಂಸ್ಥಾನದಲ್ಲೇ ಇದ್ದ ವಿದ್ವಾಂಸ ಕೈಬಾರ ಎಕ್ಕೆನ್, ಅದೂ ಕಾನ್‌ಬೇ ಸತ್ತು ಎಂಬತ್ತು ವರ್ಷ ಆದಮೇಲೆ. ಮನೆಯವರು ಮನೆಯ ಹಿರಿಯನ ಬಗ್ಗೆ ಬರೆಸಿದ್ದು ಅನ್ನೋದನ್ನ ನೆನಪಲ್ಲಿ ಇಟ್ಕೊಂಡೇ ಓದಬೇಕು.

ಈಗ ಲೆಕ್ಕಕ್ಕೆ ಬರೋಣ. ಹಳೇ ವೃತ್ತಾಂತಗಳ ಪ್ರಕಾರ ಏರಿ ಉದ್ದ ಸುಮಾರು 3 ಕಿಲೋಮೀಟರ್, ಬುಡದ ಅಗಲ 12 ಕೆನ್, ತಲೆ ಅಗಲ 6 ಕೆನ್, ಎತ್ತರ 4 ಕೆನ್. ಕೆನ್ ಅಂದ್ರೆ 1.8 ಮೀಟರ್. ಅಂದ್ರೆ ಬುಡದಲ್ಲಿ 21 ಮೀಟರ್ ಮೇಲೆ, ತಲೇಲಿ 11 ಮೀಟರ್ ಹತ್ರ, ಎತ್ತರ 7 ಮೀಟರ್. ಅಡ್ಡ ಕೊಯ್ತ, ಅಂದ್ರೆ ಏರಿನ ಅಡ್ಡಕ್ಕೆ ಕತ್ತರಿಸಿದ್ರೆ ಕಾಣೋ ಮುಖ, ಲೆಕ್ಕ ಹಾಕಿದ್ರೆ 117 ಚದರ ಮೀಟರ್ ಬರುತ್ತೆ, ಅದನ್ನ ಉದ್ದಕ್ಕೆ ಗುಣಿಸಿದ್ರೆ ಮೂರೂವರೆ ಲಕ್ಷ ಕ್ಯೂಬಿಕ್ ಮೀಟರ್ ಮಣ್ಣು. ಹನ್ನೆರಡು ದಿನಕ್ಕೆ ಹಂಚಿದ್ರೆ ದಿನಕ್ಕೆ 29,000. ಒಬ್ಬ ಆಳು ಅಗೆದು, ಹೊತ್ತು, ಹಾಕಿ, ತುಳಿದು ದಿನಕ್ಕೆ ಎರಡು ಕ್ಯೂಬಿಕ್ ಮೀಟರ್ ಮಾಡಿದ ಅಂತ ತುಂಬಾ ಧಾರಾಳವಾಗಿ ಇಟ್ಕೊಂಡ್ರೂ ಪ್ರತಿದಿನ ಹದಿನೈದು ಸಾವಿರ ಜನ ಬೇಕು, ಅದೂ ಮಳೆಗಾಲದಲ್ಲಿ, ಶತ್ರು ಕಣ್ಣೆದುರಲ್ಲಿ. ಮಣ್ಣು ತುಂಬಿದ ಒಂದು ಹುಲ್ಲಿನ ಮೂಟೆಗೆ 100 ಮೊನ್ ನಾಣ್ಯ ಮತ್ತು 1 ಶೋ ಅಕ್ಕಿ ಕೊಟ್ಟರು, ಮೂಟೆ ಒಟ್ಟು 63 ಲಕ್ಷ ಆಯ್ತು ಅಂತಾನೂ ಹೇಳ್ತಾರೆ. ಒಂದು ಶೋ ಅಂದ್ರೆ ಒಂದೂವರೆ ಕೆಜಿ ಅಕ್ಕಿ, ಅಲ್ಲಿಗೆ ಕೂಲಿಗೇ ಒಂಬತ್ತು ಸಾವಿರ ಟನ್ ಮೇಲೆ ಅಕ್ಕಿ ಆಯ್ತು. ಟಿಪ್ಪರ್, ಹಿಟಾಚಿ, ರೋಲರ್ ಎಲ್ಲ ಇರೋ ನಮ್ಮ ಕಾಲದಲ್ಲೂ ಈ ಎಸ್ಟಿಮೇಟ್ ತಗೊಂಡು ಬಂದ್ರೆ ನಾನು ಸೈನ್ ಹಾಕೋ ಮುಂಚೆ ಸೈಟ್ ನೋಡಬೇಕು ಅಂತೀನಿ.

ಸೈಟ್ ನೋಡೋ ಯೋಗನೂ ಬಂತು. ಒಕಾಯಾಮ ಸ್ಟೇಷನ್‌ನಿಂದ ಕಿಬಿ ಲೈನ್ ಅಂತ ಒಂದು ಸಣ್ಣ ರೈಲು, ಸುಮಾರು ಇಪ್ಪತ್ತು ನಿಮಿಷಕ್ಕೆ ಬಿಚ್ಚೂ ತಕಮಾತ್ಸು. ಕೋಟೆ ಇದ್ದ ಜಾಗ ಈಗ ಪಾರ್ಕ್, ಗೋಡೆ ಗೋಪುರ ಏನೂ ಇಲ್ಲ. ಅಲ್ಲಿಂದ ನಡೆದುಕೊಂಡೇ ಹೋದ್ರೆ ಕವಾಜುಗಹನ ಅನ್ನೋ ಜಾಗ, ಆ ಹೆಸರಿನ ಅರ್ಥ ಕಪ್ಪೆ ಮೂಗು, ಬೆಟ್ಟದ ತುದಿ ಗದ್ದೆ ಬಯಲಿಗೆ ಮೂಗು ಚಾಚಿದ ಹಂಗೆ ಇದೆ. ಏರಿಯ ಒಂದು ತುಂಡು ಅಲ್ಲಿ ಇವತ್ತಿಗೂ ಉಳಿದಿದೆ. ಅಲ್ಲಿ ನಿಂತು ಸುತ್ತ ನೋಡಿದ್ರೆ ಕೆರೆ ಕೆಲಸ ಮಾಡಿದ ಯಾರಿಗಾದ್ರೂ ವಿಷಯ ಹೊಳೆಯುತ್ತೆ. ಆ ಬಯಲಿಗೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಅಶಿಮೊರಿ ನದಿ ಪ್ರವಾಹ ಬಂದಾಗೆಲ್ಲ ತಾನೇ ತಂದು ಹಾಕಿದ ಮಣ್ಣಿನ ದಿಬ್ಬ. ಅಂದ್ರೆ ಪ್ರಕೃತಿನೇ ಮುಕ್ಕಾಲು ಏರಿ ಕಟ್ಟಿಟ್ಟಿತ್ತು. ಆ ಜಾಗದ ಭೂರಚನೆ ಸ್ಟಡಿ ಮಾಡಿದವರೂ ಇದನ್ನೇ ಹೇಳ್ತಾರೆ, ಹೊಸದಾಗಿ ಕಟ್ಟಬೇಕಾಗಿದ್ದು ಕವಾಜುಗಹನದ ಹತ್ರ ಬಾಯಿ ಬಿಟ್ಟಿದ್ದ ಸುಮಾರು 300 ಮೀಟರ್ ಮಾತ್ರ ಇರಬಹುದು ಅಂತ. ಅದೇ ಅಡ್ಡ ಕೊಯ್ತದಲ್ಲಿ 300 ಮೀಟರ್‌ಗೆ 35,000 ಕ್ಯೂಬಿಕ್ ಮೀಟರ್, ದಿನಕ್ಕೆ 3,000ಕ್ಕೂ ಕಮ್ಮಿ, ಸಾವಿರದೈನೂರು ಜನ ಸಾಕು. ಇದು ಆಗೋ ಕೆಲಸ.

ಕೆಲವರು ಇದನ್ನ ಕೇಳಿ ಅಯ್ಯೋ ಅಷ್ಟೇನಾ ಅಂತಾರೆ, ಕಾನ್‌ಬೇ ದೊಡ್ಡಸ್ತಿಕೆ ಕಮ್ಮಿ ಆಯ್ತು ಅನ್ನೋ ಥರ. ನನಗೆ ಪೂರ್ತಿ ಉಲ್ಟಾ ಅನ್ಸುತ್ತೆ. ಮೂರು ಕಿಲೋಮೀಟರ್ ಕಟ್ಟೋನು ದುಡ್ಡು, ಜನ ಎರಡೂ ಇರೋ ದೊರೆ. ನೆಲ ನೋಡಿ, ನದಿಯ ಹಳೇ ದಾರಿ ನೋಡಿ, ಇಲ್ಲಿ ಮುನ್ನೂರು ಮೀಟರ್ ಮುಚ್ಚಿದ್ರೆ ಸಾಕು ಮಿಕ್ಕಿದ್ದು ಮಳೆ ನೋಡ್ಕೊಳುತ್ತೆ ಅಂತ ಹೇಳೋನು ಕೆಲಸ ಗೊತ್ತಿರೋನು. ನಮ್ಮಲ್ಲೂ ಹಳೇ ಕೆರೆ ಕಟ್ಟಿದವರು ಎರಡು ಗುಡ್ಡ ಹತ್ತಿರ ಬರೋ ಜಾಗ ಹುಡುಕಿ ಅಲ್ಲೇ ಏರಿ ಹಾಕಿದ್ರು, ಕಮ್ಮಿ ಮಣ್ಣಿಗೆ ಜಾಸ್ತಿ ನೀರು ನಿಲ್ಲಲಿ ಅಂತ, ಅದೇ ಕಣ್ಣು ಇದು.

ಟೈಮಿಂಗ್ ಕೂಡ ಹಂಗೇ. ಕೆಲಸ ಶುರುವಾಗಿದ್ದು ಅವರ ಪಂಚಾಂಗದ ಐದನೇ ತಿಂಗಳ 8ಕ್ಕೆ, ಈಗಿನ ಲೆಕ್ಕದಲ್ಲಿ ಜೂನ್ ಮೊದಲ ಭಾಗ, ಜಪಾನಿನಲ್ಲಿ ಮಳೆಗಾಲ ಕಾಲಿಡೋ ಹೊತ್ತು. ಒಂದು ತಿಂಗಳು ಮುಂಚೆ ಕಟ್ಟಿದ್ರೆ ಏರಿ ನಿಂತಿರೋದು, ತುಂಬೋಕೆ ನೀರಿರ್ತಿರಲಿಲ್ಲ. ಒಂದು ತಿಂಗಳು ತಡ ಆಗಿದ್ರೆ ನೀರಿರೋದು, ಹಸಿ ಮಣ್ಣು ನಿಲ್ತಿರಲಿಲ್ಲ. ಇನ್ನು ನದಿಗೆ ಬಾಯಿ ಮುಚ್ಚೋ ಕೆಲಸ ಇದ್ಯಲ್ಲ, ಏರಿ ಕೆಲಸದಲ್ಲಿ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ, ಸಂದು ಕಿರಿದಾದಷ್ಟೂ ನೀರಿನ ವೇಗ ಜಾಸ್ತಿ ಆಗ್ತಾ ಹೋಗುತ್ತೆ, ಹಾಕಿದ ಮೂಟೆನೆಲ್ಲ ಎತ್ತಿ ಎಸೆಯುತ್ತೆ. ಕುರೋಡ ಮನೆತನದ ವೃತ್ತಾಂತದಲ್ಲಿ ಇದಕ್ಕೆ ಉತ್ತರ ಇದೆ, ದೋಣಿಗಳಿಗೆ ಕಲ್ಲು ತುಂಬಿಸಿ ಸಾಲಾಗಿ ತಂದು ಒಟ್ಟಿಗೇ ಮುಳುಗಿಸಿದ್ರು ಅಂತ. ಕಥೆನೇ ಇರಬಹುದು, ಆದ್ರೆ ಅದನ್ನ ಹೇಳಿದವನಿಗೆ ಹರಿಯೋ ನೀರು ಗೊತ್ತಿತ್ತು, ಬಿಡಿ ಬಿಡಿಯಾಗಿ ಹಾಕಿದ ಕಲ್ಲು ಕೊಚ್ಚಿ ಹೋಗುತ್ತೆ, ಒಂದೇ ಸಲ ಬಿದ್ದ ಭಾರ ನಿಲ್ಲುತ್ತೆ.

ನಾನು ಈ ಪಾಠ ಕಲಿತಿದ್ದು ಕಷ್ಟಪಟ್ಟು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೆರೆ ಏರಿ ಒಡೆದಿದ್ದ ಜಾಗನ ಮಳೆಗೆ ಮುಂಚೆ ಮುಚ್ಚಿದ್ವಿ, ಹಳೇ ಮಣ್ಣಿಗೆ ಮೆಟ್ಟಿಲು ಥರ ಕಡಿದು ಹೊಸ ಮಣ್ಣು ಬೆಸೆಯಬೇಕಿತ್ತು, ಟೈಮ್ ಇಲ್ಲ ಅಂತ ನೇರ ಸುರಿದ್ವಿ. ಮೊದಲನೇ ಜೋರು ಮಳೆಗೆ ಸರಿಯಾಗಿ ಆ ಬೆಸುಗೆಯಲ್ಲೇ ನೀರು ಜಿನುಗಿ, ಸಂಜೆ ಹೊತ್ತಿಗೆ ಏರಿ ಹೋಯ್ತು. ಕೆಳಗಿನ ಗದ್ದೆಯವರ ಮುಖ ನನಗೆ ಇನ್ನೂ ನೆನಪಿದೆ. ಕವಾಜುಗಹನದಲ್ಲಿ ಏರಿ ಬೆಟ್ಟಕ್ಕೆ ಸೇರೋ ಜಾಗದಲ್ಲಿ ನಿಂತಾಗ ನಾನು ನೋಡಿದ್ದು ಅದನ್ನೇ, ಬೆಸುಗೆ.

ಮನುಷ್ಯ ಎಂಥವನು ಅನ್ನೋದು ಹೇಳಬೇಕು. ಕಾನ್‌ಬೇ ಹುಟ್ಟಿದ್ದು 1546ರಲ್ಲಿ ಹಿಮೆಜಿಯಲ್ಲಿ, ದೊಡ್ಡ ದೊರೆ ಮಗ ಏನಲ್ಲ, ಕೊದೆರಾ ಅನ್ನೋ ಸ್ಥಳೀಯ ಒಡೆಯನ ಕೈಕೆಳಗಿನ ಮನೆತನ. 1578ರಲ್ಲಿ ಅರಾಕಿ ಮುರಾಶಿಗೆ ಅನ್ನೋ ಸೇನಾಪತಿ ತನ್ನ ಒಡೆಯ ನೊಬುನಾಗನ ಮೇಲೇ ತಿರುಗಿ ಬಿದ್ದ, ಮನಸ್ಸು ಬದಲಾಯಿಸೋಣ ಅಂತ ಕಾನ್‌ಬೇ ಅವನ ಅರಿಯೋಕ ಕೋಟೆಗೆ ಹೋದ. ಹೋದವನನ್ನ ಹಿಡಿದು ಒಳಗೆ ಹಾಕಿದ್ರು. ಸುಮಾರು ಒಂದು ವರ್ಷ. ಹೊರಗಡೆ ಸುದ್ದಿ ಇಲ್ಲ, ನೊಬುನಾಗ ಇವನೂ ಕೈ ಕೊಟ್ಟ ಅಂತ ತೀರ್ಮಾನ ಮಾಡಿ, ಒತ್ತೆಯಾಗಿ ಇಟ್ಕೊಂಡಿದ್ದ ಅವನ ಹತ್ತು ವರ್ಷದ ಮಗನ್ನ ಕೊಲ್ಲಿ ಅಂತ ಹೇಳಿಬಿಟ್ಟ. ಹಿದೆಯೋಶಿ ಹತ್ರ ಇದ್ದ ಇನ್ನೊಬ್ಬ ತಂತ್ರಗಾರ ತಕೆನಾಕ ಹಾನ್‌ಬೇ ಆ ಹುಡುಗನ್ನ ಕೊಲ್ಲದೆ ಬಚ್ಚಿಟ್ಟ, ಗೊತ್ತಾಗಿದ್ರೆ ತನ್ನ ತಲೆ ಹೋಗೋದು. 1579ರಲ್ಲಿ ಕೋಟೆ ಬಿದ್ದು ಕಾನ್‌ಬೇ ಹೊರಗೆ ಬಂದಾಗ ಕಾಲು ಊನ ಆಗಿತ್ತು, ಜೀವ ಇರೋ ತನಕ ಸರಿಹೋಗಲಿಲ್ಲ. ಮಗ ಬದುಕಿದ್ದ. ಆದ್ರೆ ಕಾಪಾಡಿದ ಹಾನ್‌ಬೇಗೆ ಒಂದು ಮಾತು ಹೇಳೋಕೂ ಆಗಲಿಲ್ಲ, ಅವನು ಕೆಲವು ತಿಂಗಳ ಮುಂಚೆನೇ ಮಿಕಿ ಮುತ್ತಿಗೆಯ ಬಿಡಾರದಲ್ಲಿ ಕಾಯಿಲೆಯಿಂದ ತೀರಿಹೋಗಿದ್ದ. ಕಾನ್‌ಬೇಯನ್ನ ಬರೀ ಚಾಣಾಕ್ಷ ಅಂತ ಹೇಳೋರು ಈ ಒಂದು ವರ್ಷನ ಓದಬೇಕು ಅಂತ ನನ್ನಾಸೆ, ಕತ್ತಲಲ್ಲಿ ಮುತ್ತಿಗೆಯೊಳಗೆ ಕೂತು ಕೋಟೆ ಒಳಗಿನ ಜನಕ್ಕೆ ಏನಾಗುತ್ತೆ ಅನ್ನೋದನ್ನ ಮೈಯಲ್ಲೇ ಅನುಭವಿಸಿದವನು ಅವನು.

ಮತ್ತೆ ತಕಮಾತ್ಸುಗೆ. ನೀರು ಏರ್ತಾ ಇತ್ತು, ಮೋರಿ ಸೈನ್ಯ ಎದುರು ಬೆಟ್ಟದಲ್ಲಿ ನಿಂತಿತ್ತು, ಆರನೇ ತಿಂಗಳ 2ಕ್ಕೆ ಕ್ಯೋಟೊದ ಹೊನ್ನೋಜಿ ದೇವಸ್ಥಾನದಲ್ಲಿ ನೊಬುನಾಗನದೇ ಇನ್ನೊಬ್ಬ ಸೇನಾಪತಿ ಅಕೇಚಿ ಮಿತ್ಸುಹಿದೆ ತಿರುಗಿಬಿದ್ದು ನೊಬುನಾಗ ಸತ್ತ. ಸುದ್ದಿ ಹಿದೆಯೋಶಿಗೆ ಮುಟ್ಟಿದ್ದು 3ರ ರಾತ್ರಿ. ದುಃಖದಲ್ಲಿ ಕೂತಿದ್ದ ಹಿದೆಯೋಶಿಗೆ ಇದು ನಿಮ್ಮ ಅದೃಷ್ಟ ತೆರೆಯೋ ಹೊತ್ತು ಅಂತ ಕಾನ್‌ಬೇ ಹೇಳಿದ ಅಂತ ಕಥೆ ಇದೆ. ಸುದ್ದಿ ಮೋರಿ ಕಿವಿಗೆ ಬೀಳೋಕೆ ಮುಂಚೆ ಅನ್‌ಕೊಕುಜಿ ಎಕೇ ಅನ್ನೋ ಬೌದ್ಧ ಭಿಕ್ಷುವಿನ ಮೂಲಕ ಸಂಧಿ ಮುಗಿಸಿದ್ರು, ಮುನೆಹಾರು ತನ್ನವರ ಜೀವ ಉಳಿಸೋಕೆ 4ನೇ ತಾರೀಖು ಆ ನೀರಲ್ಲೇ ದೋಣಿ ಮೇಲೆ ಬಂದು ಎಲ್ಲರ ಎದುರಿಗೆ ಹೊಟ್ಟೆ ಸೀಳ್ಕೊಂಡು ಪ್ರಾಣ ಬಿಟ್ಟ. ಆಮೇಲೆ ಸೈನ್ಯ ಸುಮಾರು 200 ಕಿಲೋಮೀಟರ್ ವಾಪಸ್ ಓಡಿ 13ಕ್ಕೆ ಯಾಮಾಝಾಕಿಯಲ್ಲಿ ಮಿತ್ಸುಹಿದೆಯನ್ನ ಸೋಲಿಸಿತು. ಹಿದೆಯೋಶಿ ಇಡೀ ಜಪಾನಿಗೆ ಒಡೆಯ ಆಗೋ ದಾರಿ ತೆರೆದಿದ್ದು ಅಲ್ಲಿಂದ.

ಎಂಟು ವರ್ಷ ಆದಮೇಲೆ, 1590ರಲ್ಲಿ, ಇದೇ ತಂತ್ರನ ಈಗಿನ ಸೈತಾಮ ಪ್ರಾಂತ್ಯದ ಓಶಿ ಕೋಟೆ ಮೇಲೆ ಮಾಡೋಕೆ ಹೋದ್ರು. ಹಿದೆಯೋಶಿ ಹೇಳಿದ, ಅವನ ಕೈಕೆಳಗಿನ ಇಶಿದ ಮಿತ್ಸುನಾರಿ ಕಟ್ಟಿಸಿದ. ಏರಿ ಇಪ್ಪತ್ತು ಕಿಲೋಮೀಟರ್ ಮೇಲೆ ಅಂತ ಹೇಳ್ತಾರೆ. ಮಳೆ ಬಂತು, ಏರಿ ಒಡೀತು, ಮುತ್ತಿಗೆ ಹಾಕಿದವರ ಕಡೆಯವರೇ ಕೊಚ್ಚಿಹೋದರು, ಕೋಟೆ ಬೀಳಲಿಲ್ಲ. ತಕಮಾತ್ಸುವಿನಲ್ಲಿ ನೆಲ ಹೇಳಿದಂಗೆ ಏರಿ ಹಾಕಿದ್ರು, ಓಶಿಯಲ್ಲಿ ಆರ್ಡರ್ ಬಂದಂಗೆ ಹಾಕಿದ್ರು, ವ್ಯತ್ಯಾಸ ಇಷ್ಟೇ. ಅದೇ ವರ್ಷ ಓದಾವರ ಕೋಟೆ ಮುತ್ತಿಗೆಯಲ್ಲಿ ಕಾನ್‌ಬೇ ಆಯುಧ ಇಲ್ಲದೆ ಕುಂಟ್ತಾ ಒಳಗೆ ಹೋಗಿ ಹೋಜೋ ಮನೆತನದವರ ಜೊತೆ ಕೂತು ಮಾತಾಡಿ ಶರಣಾಗತಿಗೆ ಒಪ್ಪಿಸಿದ ಅಂತ ವೃತ್ತಾಂತ ಇದೆ. ಅರಿಯೋಕದಲ್ಲಿ ಹಾಗೆ ಹೋಗಿ ಒಂದು ವರ್ಷ ಕಳ್ಕೊಂಡವನು ಇನ್ನೊಂದು ಸಲ ಹಾಗೇ ಹೋದ ಅನ್ನೋದು ನನಗೆ ಏರಿಗಿಂತ ದೊಡ್ಡದಾಗಿ ಕಾಣುತ್ತೆ. ಆಗ ಹೋಜೋ ಕೊಟ್ಟರು ಅನ್ನೋ ನಿಕ್ಕೋ ಇಚಿಮೊಂಜಿ ಕತ್ತಿ ಈಗ ಫುಕುವೋಕಾ ಸಿಟಿ ಮ್ಯೂಸಿಯಂನಲ್ಲಿದೆ.

ಆದ್ರೆ ಎಲ್ಲಾನೂ ಹೊಗಳೋಕಾಗಲ್ಲ. 1587ರಲ್ಲಿ ಕಾನ್‌ಬೇಗೆ ಬುಝೆನ್ ಸೀಮೆ ಸಿಕ್ಕಿದಾಗ ಅಲ್ಲಿ ತಲೆತಲಾಂತರದಿಂದ ಇದ್ದ ಕೀ ಶಿಗೆಫುಸ ಜಾಗ ಬಿಡಲ್ಲ ಅಂದ, ಕುರೋಡ ಕಡೆಯವರು ಅವನನ್ನ ನಾಕಾತ್ಸು ಕೋಟೆಗೆ ಊಟಕ್ಕೆ ಕರೆದು ಕೊಂದರು. ಮಗ ನಾಗಮಾಸನ ಕೈ ಕೆಲಸ ಅಂತಾರೆ, ಅಪ್ಪನಿಗೆ ಜವಾಬ್ದಾರಿ ಇಲ್ಲ ಅಂತ ನಾನು ಹೇಳಲ್ಲ. ಆ ನಾಕಾತ್ಸು ಕೋಟೆನೂ ನೀರಿನದೇ, ಕಾನ್‌ಬೇ ಅದನ್ನ ನದಿ ಸಮುದ್ರ ಸೇರೋ ಬಾಯಲ್ಲಿ ಕಟ್ಟಿ, ಕಂದಕಕ್ಕೆ ಸಮುದ್ರದ ನೀರು ಬರೋ ಹಂಗೆ ಮಾಡಿದ್ದ, ಭರತ ಇಳಿತದ ಜೊತೆ ಕಂದಕದ ಮಟ್ಟನೂ ಏರ್ತಾ ಇಳೀತಾ ಇರುತ್ತೆ.

ಕೊನೆಗೆ ತಲೆ ಬೋಳಿಸ್ಕೊಂಡು ನಿವೃತ್ತನಾದಾಗ ಅವನು ಇಟ್ಕೊಂಡ ಹೆಸರು ಜೋಸುಯಿ, ನೀರಿನ ಹಾಗೆ ಅಂತ ಅರ್ಥ. 1600ರ ಸೆಕಿಗಹಾರ ಯುದ್ಧದ ನಂತರ ಮಗನಿಗೆ ಚಿಕುಝೆನ್ ಸೀಮೆ ಸಿಕ್ತು, ಅಲ್ಲಿ ಕಟ್ಟಿದ ಹೊಸ ಕೋಟೆಗೆ ಹಿರಿಯರ ಊರಿನ ಹೆಸರು ಫುಕುವೋಕಾ ಅಂತ ಇಟ್ಟರು, ಇವತ್ತು ಅದು ಕ್ಯೂಶೂ ದ್ವೀಪದ ದೊಡ್ಡ ನಗರ. ಜೋಸುಯಿ 1604ರಲ್ಲಿ ಫುಶಿಮಿಯಲ್ಲಿ ತೀರಿಕೊಂಡ, ಕೋಟೆ ಕೆಲಸ ಆಗಿನ್ನೂ ನಡೀತಾನೇ ಇತ್ತು. ಆ ಕೋಟೆಯ ಪಶ್ಚಿಮಕ್ಕೆ ಸಮುದ್ರದ ಒಂದು ಹಿನ್ನೀರು ಒಳಗೆ ಚಾಚಿತ್ತು, ಅದನ್ನ ಪೂರ್ತಿ ಮುಚ್ಚೋ ಬದಲು ಹಂಗೇ ಕಂದಕ ಮಾಡ್ಕೊಂಡ್ರು. ಈಗ ಅದೇ ಓಹೋರಿ ಪಾರ್ಕ್‌ನ ಕೆರೆ, ಸುತ್ತ ಎರಡು ಕಿಲೋಮೀಟರ್ ದಾರಿ, ಬೆಳಿಗ್ಗೆ ಊರಿನವರು ಅಲ್ಲಿ ವಾಕಿಂಗ್ ಮಾಡ್ತಾರೆ.

ತಕಮಾತ್ಸುವಿನಲ್ಲೂ ನೀರು ಇದೆ. 1982ರಲ್ಲಿ, ಮುತ್ತಿಗೆ ಆಗಿ ಸರಿಯಾಗಿ 400 ವರ್ಷಕ್ಕೆ, ಪಾರ್ಕ್ ಮಾಡೋಕೆ ಅಂತ ಹಳೇ ಜೌಗನ್ನ ಮತ್ತೆ ತೆರೆದಾಗ ಯಾರೂ ನೆಡದೇನೇ ತಾವರೆ ಎದ್ದು ಬಂತು. ಮಣ್ಣಲ್ಲಿ ಹೂತಿದ್ದ ಬೀಜ. ಅದನ್ನ ಮುನೆಹಾರು ತಾವರೆ ಅಂತ ಕರೀತಾರೆ, ಸೋತವನ ಹೆಸರಲ್ಲಿ.