ಮುತ್ತುಗದ ಹೂವೂ ಇಲಿಯ ಲಿವರೂ

ಫೆಬ್ರವರಿ-ಮಾರ್ಚ್ ಬಂತೆಂದರೆ ತುಮಕೂರು ಸುತ್ತಿನ ಕುರುಚಲು ಕಾಡಲ್ಲಿ ಮುತ್ತುಗ ಹೂ ಬಿಡುತ್ತದೆ. ಜಾಂಡೀಸ್ ಆದವರ ಮನೆಯವರು ಮೊಬೈಲ್ ಮುಂದೆ ಹಿಡಿದು ಕೇಳುವುದೂ ಶುರು: ‘ಡಾಕ್ಟ್ರೇ, ಈ ಹೂವು ಲಿವರ್ ಕಾಪಾಡುತ್ತೆ ಅಂತ ಸಂಶೋಧನೇಲೇ ಇದೆಯಲ್ಲ, ಕಷಾಯ ಕೊಟ್ರೆ ಸಾಕಲ್ವಾ?’

ಇದೆ, ಸುಳ್ಳಲ್ಲ. ಈ ಹೂವಿನ ಬ್ಯೂಟ್ರಿನ್, ಐಸೊಬ್ಯೂಟ್ರಿನ್ ಎಂಬೆರಡು ಫ್ಲೇವನಾಯ್ಡ್‌ಗಳಿಗೆ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಆ ಗುಣ ಇರುವುದು 1986ರಲ್ಲೇ ಪ್ರಕಟವಾಗಿದೆ. (ಒಣಗುತ್ತ ಹೋದಂತೆ ಐಸೊಬ್ಯೂಟ್ರಿನ್ ನಿಧಾನವಾಗಿ ಬ್ಯೂಟ್ರಿನ್ ಆಗುತ್ತದೆ, ಹಾಗಾಗಿ ಹಸಿ ಹೂವೂ ಗ್ರಂಧಿಗೆ ಅಂಗಡಿಯ ಒಣ ಹೂವೂ ಒಂದೇ ಅಲ್ಲ.) ಆದರೆ ಯಾವುದರಿಂದ ಕಾಪಾಡಿತು, ಯಾವಾಗ ಕೊಟ್ಟಾಗ ಕಾಪಾಡಿತು ಎಂದು ಯಾರೂ ಕೇಳುವುದಿಲ್ಲ.

ಇಂಥ ಪ್ರಯೋಗ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಆರೋಗ್ಯವಾಗಿರುವ ಇಲಿಗೆ ಮೊದಲೇ ಕೆಲವು ದಿನ ಹೂವಿನ ಸಾರ ಕುಡಿಸುತ್ತಾರೆ. ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಡುತ್ತಾರೆ; ಹಿಂದೆ ಡ್ರೈಕ್ಲೀನಿಂಗಿಗೆ ಬಳಸುತ್ತಿದ್ದ ದ್ರವ ಅದು. ಲಿವರಿನದೇ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದು ಫ್ರೀ ರ‍್ಯಾಡಿಕಲ್ ಎಂಬ ಕೆರಳಿದ ಕಣ ಮಾಡುತ್ತದೆ, ಆ ರ‍್ಯಾಡಿಕಲ್ ಜೀವಕೋಶದ ಪೊರೆಯನ್ನು ಹಾಳುಮಾಡುತ್ತದೆ. ಹೂವಿನ ಸಾರ ಆ ಕಿಣ್ವವನ್ನು ತಡೆದರೂ ಸರಿ, ರ‍್ಯಾಡಿಕಲ್ಲನ್ನು ತಣಿಸಿದರೂ ಸರಿ, ಎಸ್‌ಜಿಪಿಟಿ (ಲಿವರ್ ಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ) ಅಷ್ಟಾಗಿ ಏರುವುದಿಲ್ಲ. ವರದಿಯಲ್ಲಿ ‘ಲಿವರ್ ರಕ್ಷಣೆ’ ಅಂತ ಬರುತ್ತದೆ. ಅಂದರೆ ಏಟು ಬೀಳುವ ಮುಂಚೆ ಹಿಡಿದ ಗುರಾಣಿ. ನಿಮ್ಮ ಮನೆಯವರಿಗೆ ಏಟು ಬಿದ್ದಾಗಿದೆ. ಹೊಡೆದದ್ದೂ ಬೇರೆಯೇ: ಹೆಪಟೈಟಿಸ್ ವೈರಸ್, ಕುಡಿತ, ಟಿಬಿ ಮಾತ್ರೆ, ಇಲ್ಲವೇ ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು. ಕಲ್ಲಿಗೆ ಫ್ಲೇವನಾಯ್ಡ್ ಏನು ಮಾಡೀತು?

ಹೆಪಟೈಟಿಸ್ ಎ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಹೂವಿಗೆ ಬರುತ್ತದೆ. ಇರಲಿ ಬಿಡಿ.

ನನಗೆ ಭಯ ಇರುವುದು ‘ಹಳದಿ ಹೂವು, ಅದೇ ಇರಬೇಕು’ ಎಂದು ಗುರುತಿಲ್ಲದ ಗಿಡ ಕುದಿಸುವವರ ಬಗ್ಗೆ. ಒಣಕಾಯಿ ಅಲ್ಲಾಡಿಸಿದರೆ ಗಲಗಲ ಎನ್ನುವ ಕ್ರೊಟಲೇರಿಯಾ ಜಾತಿಯ ಎಷ್ಟೋ ಗಿಡಗಳಲ್ಲಿ ಪೈರೊಲಿಝಿಡಿನ್ ಆಲ್ಕಲಾಯ್ಡ್ ಎಂಬ ವಿಷ ಇರುತ್ತದೆ. ಅದು ಲಿವರಿನ ಸಣ್ಣ ರಕ್ತನಾಳಗಳನ್ನೇ ಮುಚ್ಚಿಬಿಡುತ್ತದೆ. 1975ರಲ್ಲಿ ಈಗಿನ ಛತ್ತೀಸ್‌ಗಢದ ಸರ್ಗುಜಾ ಜಿಲ್ಲೆಯಲ್ಲಿ ಅಂಥ ಬೀಜ ಕಿರುಧಾನ್ಯದಲ್ಲಿ ಬೆರೆತು ಜನ ಸತ್ತರು. ಚಿಕ್ಕಬಳ್ಳಾಪುರ ಮಾರ್ಕೆಟ್ಟಿನ ಸೇವಂತಿಗೆಯಲ್ಲಿ ಟೀ ಮಾಡುವವರೂ ಇದ್ದಾರೆ. ಮುಡಿಗೂ ಪೂಜೆಗೂ ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ ಎಂದು ಹೇಳಬೇಕೇ?

ಕಷಾಯ ಕುಡಿಸಿದ್ದರೆ ಮುಚ್ಚಿಡಬೇಡಿ. ಯಾವ ಹೂವು, ಎಷ್ಟು ದಿನ ಎಂದು ಹೇಳಿ, ಪೊಟ್ಟಣ ಇದ್ದರೆ ತನ್ನಿ. ಬೈದರೂ ಅರ್ಧ ನಿಮಿಷ ಬೈದೇವು. ಬಿಲಿರುಬಿನ್ (ಮೈ-ಕಣ್ಣು ಹಳದಿ ಮಾಡುವ ವಸ್ತು), ಎಸ್‌ಜಿಪಿಟಿ ಜತೆಗೆ ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಯನ್ನೂ ಮಾಡಿಸಿ. ಮಲ ಬಿಳಿಚಿಕೊಂಡು ಮೈ ತುರಿಸಿದರೆ ಹೊಟ್ಟೆ ಸ್ಕ್ಯಾನ್ ಬೇಕು. ಮಂಪರು, ತಡವರಿಸುವ ಮಾತು, ನಿಲ್ಲದ ವಾಂತಿ ಕಂಡರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆತನ್ನಿ.